ನಮಗಿಂತ ಮೊದಲು ಹೊರಟ ಬ್ಯಾಗು

ಮನೆ ಸಾಗಿಸುವುದೆಂದರೆ ಮಂಚ ಹೊರುವುದಲ್ಲ. ಅದು ಒಂದು ವಿಜ್ಞಾನ! ಅದು ಒಂದು ಕಲೆ! ಪಕ್ಕದ ಬೀದಿಗೆ ಮನೆ ಬದಲಾಯಿಸಿದರೇ ಜನ ಒಗ್ಗರಣೆ ಸೌಟು ಎಲ್ಲಿ ಹೋಯಿತು ಎಂದು ವಾರಗಟ್ಟಲೆ ಹುಡುಕಾಡುತ್ತಾರೆ. ನಾನು ಸಾಗಿಸಲು ಹೊರಟಿದ್ದು ಪಕ್ಕದ ಬೀದಿಗಲ್ಲ, ಪಕ್ಕದ ದೇಶಕ್ಕೆ! ಆದರೂ ಒಂದು ಗುಂಡುಸೂಜಿಯೂ ಹೆಚ್ಚುಕಡಿಮೆಯಾಗದಂತೆ ಸಾಗಿಸಿ ತೋರಿಸುತ್ತೇನೆ ಎಂದು ನಾನು ನಡುಮನೆಯಲ್ಲಿ ನಿಂತು ಪ್ರತಿಜ್ಞೆ ಮಾಡಿದೆ. ನನ್ನ ಹೆಂಡತಿ ರೋಜಾ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಪ್ರತಿಜ್ಞೆ ಆಯ್ತಾ? ಹಾಗಾದ್ರೆ ಬಾಗಿಲಲ್ಲಿರೋ ಗ್ಯಾಸ್ ಸಿಲಿಂಡರ್ ಒಳಗಿಡಿ," ಎಂದಳು.

ನನ್ನ ಹೆಸರು ಪ್ರೇಮ್‌ಕುಮಾರ್. ನಂಜನಗೂಡಿನ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಸ್ಟೋರ್ಸ್ ಇನ್‌ಚಾರ್ಜ್. ನನ್ನ ಸ್ಟೋರ್ಸಿನಲ್ಲಿ ಒಂದು ನಟ್ಟು ಕಳೆದುಹೋದ ಚರಿತ್ರೆ ಇಲ್ಲ. ಹೀಗಾಗಿಯೇ ನಮ್ಮ ಕಂಪನಿಯವರು ನೇಪಾಳದ ಭೈರಹವಾ ಎಂಬ ಊರಿನಲ್ಲಿ ಹೊಸ ಕಾರ್ಖಾನೆ ತೆರೆದು, ಎರಡು ವರ್ಷ ಸಂಸಾರ ಸಮೇತ ಅಲ್ಲಿರಲು ಒಬ್ಬ ನಂಬಿಕಸ್ಥ ಬೇಕೆಂದಾಗ ನನ್ನ ಹೆಸರು ಮೊದಲು ಬಂತು. ಎರಡನೆಯ ಹೆಸರು ಪ್ಯಾಕಿಂಗ್ ವಿಭಾಗದ ಕೃಷ್ಣನದು. ನಾನು ಯಾವುದೇ ಕಾರಣಕ್ಕೆ ತಪ್ಪಿಸಿಕೊಂಡರೆ ಅವನು ಹೋಗುವುದು ಎಂದಾಗಿತ್ತು. ಆ ಪುಣ್ಯಾತ್ಮ ನನ್ನ ಹೆಸರು ಗಟ್ಟಿಯಾದ ಮೇಲೂ ಒಂದು ಸ್ವೆಟರ್ ಕೊಂಡು ಇಟ್ಟುಕೊಂಡಿದ್ದ!

"ಯಾಕಯ್ಯಾ ಕೃಷ್ಣ, ಸ್ವೆಟರ್ರು?"

"ಏನಿಲ್ಲ ಸಾ. ಇರ್ಲಿ ಅಂತ."

ಆ 'ಇರ್ಲಿ ಅಂತ' ನನ್ನ ಎದೆಯೊಳಗೆ ಮುಳ್ಳಿನ ಹಾಗೆ ಕೂತಿತ್ತು. ನಾನೂ ಹೋಗಿ ಎರಡು ಸ್ವೆಟರ್, ಎರಡು ಮಂಕಿ ಕ್ಯಾಪ್ ತಂದೆ. ಹಿಮಾಲಯ ಎಂದರೆ ಸುಮ್ಮನೆಯೇ?

ಇನ್ನೊಂದು ವಿಷಯ ಹೇಳಿಬಿಡಬೇಕು. 'ನೇಪಾಳ' ಎಂಬ ಪದವನ್ನು ನಾನು ಬಳಸುತ್ತಿರಲಿಲ್ಲ. 'ಫಾರಿನ್' ಎನ್ನುತ್ತಿದ್ದೆ. ಕ್ಷೌರದಂಗಡಿಯಲ್ಲಿ, ಹಾಲಿನ ಬೂತಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, "ಮುಂದಿನ ವಾರ ಫಾರಿನ್‌ಗೆ ಹೊರಟಿದ್ದೀವಿ" ಎಂದು ಗಾಳಿಯಲ್ಲಿ ಬಿಡುತ್ತಿದ್ದೆ. "ಯಾವ್ ಫಾರಿನ್ನು ಸಾ?" ಎಂದು ಯಾರಾದರೂ ಕೆದಕಿದರೆ "ಏಷ್ಯಾ" ಎಂದು ಮಾತು ಮುಗಿಸುತ್ತಿದ್ದೆ. ರೋಜಾ ಪಕ್ಕದಲ್ಲಿದ್ದರೆ ಮಾತ್ರ ಕೆಟ್ಟಿತು. "ನೇಪಾಳ ಕಣಣ್ಣ. ನಮ್ಮ ಬೀದಿ ಗೂರ್ಖನ ಊರು," ಎಂದು ಒಂದೇ ಏಟಿಗೆ ನನ್ನನ್ನು ಖಂಡಾಂತರದಿಂದ ಇಳಿಸಿಬಿಡುತ್ತಿದ್ದಳು.

ಆದರೆ ನನ್ನ ಆಸೆ ಅವಳಿಗೆ ಹೇಗೆ ಅರ್ಥವಾಗಬೇಕು? ಮದುವೆಯಾದ ಹೊಸದರಲ್ಲೇ ನಾನು ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದ್ದೆ. ಅವು ಬೀರುವಿನಲ್ಲಿ ಅವಳ ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿದ್ದವು. ಹಬ್ಬ ಹರಿದಿನಗಳಲ್ಲಿ ತೆಗೆದು ಖಾಲಿ ಪುಟಗಳನ್ನು ತಿರುವಿ ನೋಡುತ್ತಿದ್ದೆ. ಅವುಗಳ ಮೇಲೆ ಒಂದು ಮೊಹರು ಬೀಳಬೇಕು. ದೊಡ್ಡ ಮೊಹರು! ಅದೊಂದು ಬಿದ್ದರೆ ಜನ್ಮ ಸಾರ್ಥಕ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಸರಿ, ನನ್ನ ವಿಜ್ಞಾನ ಶುರುವಾಯಿತು. ಮೂರು ಬಣ್ಣದ ಚೀಟಿಗಳನ್ನು ಅಚ್ಚು ಹಾಕಿಸಿ ತಂದೆ, ಹಿಂದೆ ಅಂಟು. ಹಸಿರು ಚೀಟಿ: 'ನಮ್ಮ ಜೊತೆ ಬರುವುದು.' ಕೆಂಪು ಚೀಟಿ: 'ಹೆಡತಲೆಗೆ ಹೋಗುವುದು.' ಹೆಡತಲೆ ಎಂದರೆ ನಮ್ಮ ಅಪ್ಪ ಅವ್ವ ಇರುವ ಊರು. ಹಳದಿ ಚೀಟಿ: 'ಯಾರಿಗಾದರೂ ಕೊಡುವುದು.' ಒಂದೇ ದಿನದಲ್ಲಿ ಮನೆಯ ಸಮಸ್ತ ಚರಾಸ್ತಿಗೂ ಚೀಟಿ ಬಿತ್ತು. ಸಾಮಾನು ಕಟ್ಟಲು ನೆರವಾಗಲೆಂದು ಹೆಡತಲೆಯಿಂದ ಬಂದ ನಮ್ಮಪ್ಪ ಚಲುವಯ್ಯ, ಬಂದವರೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ಆಮೇಲೆ ಟೀ ಕುಡಿಯಲು ಸರ್ಕಲ್ಲಿಗೆ ಹೋದರು. ವಾಪಸು ಬಂದಾಗ ಅವರ ಮುಖ ಕೆಂಪಗಾಗಿತ್ತು.

"ಯಾಕ್ಲಾ ಪ್ರೇಮ, ಟೀ ಅಂಗಡಿಯವ್ನು 'ಮನೇಲಿ ಏನಾರ ಗಲಾಟೆಯಾ ಯಜಮಾನ್ರೆ' ಅಂತ ಕೇಳ್ತಾನಲ್ಲ?"

ಅಪ್ಪನ ಬಿಳಿ ಪಂಚೆಯ ಹಿಂಭಾಗದಲ್ಲಿ ಹಳದಿ ಚೀಟಿ ಅಂಟಿಕೊಂಡಿತ್ತು. 'ಯಾರಿಗಾದರೂ ಕೊಡುವುದು.'

ಇದೆಲ್ಲ ಸಣ್ಣಪುಟ್ಟ ಅಡಚಣೆ. ನಿಜವಾದ ಗಂಡಾಂತರ ನಮ್ಮವ್ವ ಮರಿತಾಯಮ್ಮನ ರೂಪದಲ್ಲಿ ಒಳಗೆ ಬಂತು. ಅವ್ವ ಕ್ಯಾಲೆಂಡರಿನ ಮುಂದೆ ನಿಂತು ಕೇಳಿತು: "ಯಾವತ್ತು ಒರಡೋದು?"

"ಮಂಗಳವಾರ ಕಣವ್ವ. ಬೆಂಗಳೂರಿಂದ ವಿಮಾನದಲ್ಲಿ ಗೋರಖ್‌ಪುರ. ಅಲ್ಲಿಂದ ಜೀಪಲ್ಲಿ ಗಡಿ ದಾಟೋದು."

"ಮಂಗ್ಳಾರ! ಅದೂ ಅಮಾಸೆ! ಆಗಾಕಿಲ್ಲ."

"ಅವ್ವ, ಕಂಪನಿಯೋರು ಗೊತ್ತು ಮಾಡಿರೋ ದಿನ ಕಣವ್ವ. ನಾನು ಬೇಡ ಅಂದ್ರೆ ಕೃಷ್ಣ ಹೊರಟೋಗ್ತಾನೆ. ಅವನತ್ರ ಸ್ವೆಟರ್ ಬೇರೆ ಇದೆ."

ಅಪ್ಪ ನನ್ನ ಪರ ನಿಂತರು. ಅಪ್ಪ ಬುದ್ಧವಿಹಾರಕ್ಕೆ ನಡೆದುಕೊಳ್ಳುವವರು. ಮಗ ಹೋಗುತ್ತಿರುವ ಊರಿಗೆ ಲುಂಬಿನಿ ಹತ್ತಿರ ಎಂದು ತಿಳಿದಾಗಿನಿಂದ ಅವರ ಎದೆ ಉಬ್ಬಿಹೋಗಿತ್ತು. "ಮೂರ್ತ ಗೀರ್ತ ಎಲ್ಲ ಬುಡು ಮರಿತಾಯಿ. ಬುದ್ಧ ಮನೆ ಬುಟ್ಟು ಒರಟಾಗ ಯಾವ್ ಕ್ಯಾಲೆಂಡರ್ ನೋಡ್ದ?"

"ಅದ್ಕೇ ಯಂಡ್ತೀನ ಬುಟ್ಟು ಒಬ್ನೇ ಓದ. ದಿನ ನೋಡ್ಕಂಡು ಒರಟಿದ್ರೆ ಅವ್ಳನ್ನೂ ಕರ್ಕೊಂಡು ಓಗ್ತಿದ್ದ!"

ಅಪ್ಪ ಮತ್ತೆ ಟೀ ಕುಡಿಯಲು ಹೊರಟರು. ಈ ಸಲ ಪಂಚೆ ಕೊಡವಿ ನೋಡಿಕೊಂಡು ಹೋದರು.

ಕೊನೆಗೆ ಅವ್ವನೇ ದಾರಿ ತೋರಿಸಿತು. ಪರಸ್ತಾನ! ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ನೋಡಿ, ನಮ್ಮ ಸಾಮಾನಿನ ಒಂದು ಗಂಟನ್ನು ಊರಾಚೆ ಇನ್ನೊಬ್ಬರ ಮನೆಯಲ್ಲಿ ಇಟ್ಟುಬರುವುದು. ಗಂಟು ಮನೆ ಬಿಟ್ಟಿತೆಂದರೆ ನಾವೇ ಮನೆ ಬಿಟ್ಟಂತೆ. ಆಮೇಲೆ ಎಂಥ ಕೆಟ್ಟ ದಿನ ಹೊರಟರೂ ಪರವಾಗಿಲ್ಲ, ದಾರಿಯಲ್ಲಿ ಗಂಟು ಎತ್ತಿಕೊಂಡು ಮುಂದೆ ಹೋದರಾಯಿತು. ಗ್ರಹಗಳ ಕಣ್ಣಿಗೇ ಮಣ್ಣೆರಚುವ ಉಪಾಯ! ಸ್ಟೋರ್ಸಿನವನಾದ ನನಗೆ ಇದು ಬಹಳ ಹಿಡಿಸಿತು.

"ಟೀ ನರಸೀಪುರದ ದೊಡ್ಡವ್ವನ ಮನೇಲಿ ಮಡಗಾವ," ಎಂದಿತು ಅವ್ವ. "ಎಲ್ಡು ಒಳೆ ಕೂಡೋ ಊರು, ಒಳ್ಳೇದು. ಗುರ್ವಾರ ಮಡಗ್ಬುಡು. ಆದ್ರೆ ಒಂದ್ ಮಾತು. ಅರ್ದೋಗಿರೋ ಟವಲ್ ಮಡಗಿ ಬಂದ್ರೆ ನಡೆಯಾಕಿಲ್ಲ. ಪಯಣಕ್ಕೆ ಭಾಳ ಬೇಕಾದ ವಸ್ತು ಒಳಗಿರ್ಬೇಕು."

ಇಲ್ಲೇ ನೋಡಿ, ನನ್ನ ಬುದ್ಧಿ ಮಿಂಚಿದ್ದು. ಫಾರಿನ್‌ಗೆ ಹೋಗುವವನಿಗೆ ಬಹಳ ಬೇಕಾದ ವಸ್ತು ಯಾವುದು? ನಾನು ಬೀರು ತೆಗೆದು ಎರಡೂ ಪಾಸ್‌ಪೋರ್ಟುಗಳನ್ನು ನೀಲಿ ಬ್ಯಾಗಿನ ತಳದಲ್ಲಿಟ್ಟೆ. ಮೇಲೆ ಸ್ವೆಟರುಗಳು, ಮಂಕಿ ಕ್ಯಾಪುಗಳು. ಜಿಪ್ ಎಳೆದು, ಹಸಿರು ಚೀಟಿ ಅಂಟಿಸಿದೆ.

"ರೀ, ಅದನ್ಯಾಕೆ ಹಾಕ್ತೀರಿ? ಯಾರಾದ್ರೂ ಕೇಳಿದ್ರೆ?" ಎಂದಳು ರೋಜಾ.

"ಕೇಳೋದು ಗಡೀಲಿ. ಮಂಗಳವಾರ ಹೋಗ್ತಾ ಬ್ಯಾಗ್ ಎತ್ಕೊಂಡೇ ಹೋಗೋದಲ್ವಾ? ಪ್ಲಾನಿಂಗ್ ನನಗೆ ಬಿಡು!"

ಅವಳು ಬಿಟ್ಟಳು. ಅವಳ ವೋಟರ್ ಕಾರ್ಡು, ನನ್ನ ವೋಟರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ತಲೆನೋವಿನ ಮಾತ್ರೆ ಎಲ್ಲ ತನ್ನ ಕೈಚೀಲಕ್ಕೆ ತುಂಬಿಕೊಂಡಳು. ನಾನು ಆ ಚೀಲವನ್ನು ಕರುಣೆಯಿಂದ ನೋಡಿದೆ.

ಗುರುವಾರ ಬೆಳಿಗ್ಗೆ ಕೆಂಪು ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲೆ ಕೂರಿಸಿಕೊಂಡು ಟೀ ನರಸೀಪುರಕ್ಕೆ ಹೋದೆವು. ದೊಡ್ಡವ್ವ, ಎಂದರೆ ಅವ್ವನ ಅಕ್ಕ, ಬಾಗಿಲಲ್ಲೇ ಅರಿಶಿನದ ನೀರು ಚಿಮುಕಿಸಿ ಬ್ಯಾಗನ್ನು ಬರಮಾಡಿಕೊಂಡಿತು. ನಮಗೂ ಅಷ್ಟು ಮರ್ಯಾದೆ ಸಿಗಲಿಲ್ಲ. ಬ್ಯಾಗು ದೇವರ ಗೂಡಿನ ಪಕ್ಕದಲ್ಲಿ ಕೂತಿತು.

"ಇನ್ನು ನೀನು ಒರಡೋ ಗಂಟ ಇದರ ಜಿಪ್ಪು ಬಿಚ್ಚಂಗಿಲ್ಲ. ವಾಪಸ್ ನಿಮ್ಮನೇಗೂ ತಗೊಂಡೋಗಂಗಿಲ್ಲ. ಓದ್ರೆ ಮುಂದಕ್ಕೇ ಓಗ್ಬೇಕು. ತಿಳೀತಾ?"

"ತಿಳೀತು ದೊಡ್ಡವ್ವ," ಎಂದೆ. ಏನೂ ತಿಳಿದಿರಲಿಲ್ಲ!

ನಂಜನಗೂಡಿಗೆ ವಾಪಸು ಬಂದು ನೋಡಿದರೆ ಒಲೆಯ ಮುಂದೆ ಅವ್ವ ಕಾವಲು ಕೂತಿದೆ.

"ಒಲೆ ಅಚ್ಚಂಗಿಲ್ಲ. ನೀವು ಮನೆ ಬುಟ್ಟಾಯ್ತಲ್ಲ. ಒಂಟೋದೋರು ಅಡುಗೆ ಮಾಡ್ತಾರಾ?"

ರೋಜಾಳ ಮುಖ ಅರಳಿತು. "ಹೊರಡೋ ತನಕ ನಾನು ಅಡುಗೆ ಮಾಡೋ ಹಾಗಿಲ್ವಾ ಅತ್ತೆ? ಈ ಶಾಸ್ತ್ರ ನನಗೆ ತುಂಬಾ ಇಷ್ಟ ಆಯ್ತು!"

ಅವತ್ತು ಹೋಟೆಲಿನ ಇಡ್ಲಿ ತಿಂದು, ಮನೆ ಬಿಟ್ಟುಹೋದವರ ಹಾಗೆ ನಮ್ಮ ಮನೆಯಲ್ಲೇ ಮಲಗಿದೆವು.

ಶುಕ್ರವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ, ಸೊಂಟಕ್ಕೆ ಟವಲ್ ಸುತ್ತಿಕೊಂಡು ಹಾಡು ಗುನುಗುತ್ತ ನಡುಮನೆಗೆ ಬಂದೆ. ಅಲ್ಲಿ ಜನ ನಿಂತಿದ್ದರು! ನಮ್ಮ ಮನೆಯ ಮಾಲೀಕರು ಪುಟ್ಟಬಸವಯ್ಯನವರು, ಹಣೆತುಂಬ ವಿಭೂತಿ. ಅವರ ಹಿಂದೆ ಒಬ್ಬ ಹೆಣ್ಣುಮಗಳು, ಕೈಯಲ್ಲಿ ಹೊಸ ಪಾತ್ರೆ, ಪಾತ್ರೆಯಲ್ಲಿ ಹಾಲು.

ಪುಟ್ಟಬಸವಯ್ಯನವರು ದೆವ್ವ ಕಂಡವರಂತೆ ಹಿಂದೆ ಸರಿದರು. "ನೀವು ಹೋಗಿಲ್ವಾ?"

"ಹೋಗಿದ್ದೀವಿ ಸಾರ್," ಎಂದೆ. "ಆದ್ರೆ ಇಲ್ಲೇ ಇದ್ದೀವಿ."

"ಅದ್ಹೆಂಗ್ರೀ? ನಿನ್ನೆ ನಮ್ಮ ಅಂಗಡೀಲಿ ಬೆಲ್ಲ ತಗೊಳ್ತಾ ನಿಮ್ಮ ತಾಯಿಯವರೇ ಹೇಳಿದ್ರಲ್ಲ, 'ನನ್ ಮಗ ಸೊಸೆ ಬೆಳಿಗ್ಗೇನೇ ಒಂಟೋದ್ರು' ಅಂತ! ಅದಕ್ಕೇ ಇವರಿಗೆ ಇವತ್ತೇ ಹಾಲು ಉಕ್ಕಿಸಿಬಿಡಿ, ಶುಕ್ರವಾರ ಚೆನ್ನಾಗಿದೆ ಅಂದೆ. ಬ್ಯಾಂಕಿನ ಶಿವರಂಜನಿ ಮೇಡಂ, ಹೊಸ ಬಾಡಿಗೆದಾರರು."

ನಾನು ಅವ್ವನ ಕಡೆ ತಿರುಗಿದೆ. ಅವ್ವ ಕದಲಲಿಲ್ಲ. "ಒರಟಿಲ್ಲ ಅಂತ ಎಂಗೇಳ್ಳಿ? ಪರಸ್ತಾನ ಮಡಗಾದ್ಮೇಲೆ ಮನೇಲವ್ರೆ ಅಂದ್ರೆ ಸುಳ್ಳಾಯ್ತದಲ್ಲ!"

ನಾನು ತಿರುಗಿದ್ದೇ ತಪ್ಪಾಯಿತು. ಶಿವರಂಜನಿ ಮೇಡಂ ನನ್ನ ಬೆನ್ನ ಹಿಂದೆ ಏನನ್ನೋ ಓದುತ್ತಿದ್ದರು. ಟವಲಿನ ಮೇಲೆ ಹಳದಿ ಚೀಟಿ ಇತ್ತು. ಅವರು ಗಾಬರಿಯಿಂದ ರೋಜಾಳನ್ನು ನೋಡಿದರು.

"ಬೇಕಿದ್ರೆ ತಗೊಳ್ಳಿ ಮೇಡಂ," ಎಂದಳು ರೋಜಾ. "ಸ್ವಲ್ಪ ಹಳೇದು."

ಉಕ್ಕಿಸಲು ತಂದ ಹಾಲನ್ನು ಉಕ್ಕಿಸದೆ ವಾಪಸು ಒಯ್ಯುವಂತಿಲ್ಲ, ಅದು ಅವರ ಶಾಸ್ತ್ರ. ನಮ್ಮ ಒಲೆ ನಾವು ಹಚ್ಚುವಂತಿಲ್ಲ, ಇದು ನಮ್ಮ ಶಾಸ್ತ್ರ. ಎರಡೂ ಶಾಸ್ತ್ರಗಳು ರಾಜಿಯಾಗಿ, ನಮ್ಮ ಒಲೆಯ ಮೇಲೆ ಅವರು ಹಾಲು ಉಕ್ಕಿಸಿದರು! ಪಾಯಸವನ್ನೂ ಮಾಡಿದರು. "ಬನ್ನಿ, ಕೂತ್ಕೊಳ್ಳಿ, ಸಂಕೋಚ ಪಡಬೇಡಿ" ಎಂದು ನನ್ನ ಮನೆಯಲ್ಲಿ ನನಗೇ ಉಪಚಾರ ಮಾಡಿ ಒಂದು ಲೋಟ ಕೊಟ್ಟರು. ನಾನು ನೆಂಟನ ಹಾಗೆ ಕುರ್ಚಿಯ ತುದಿಯಲ್ಲಿ ಕೂತು ಕುಡಿದೆ. ಮಂಗಳವಾರದವರೆಗೆ ಹಿಂದಿನ ಕೋಣೆ ನಮಗೆ, ಮಿಕ್ಕಿದ್ದು ಅವರಿಗೆ ಎಂದು ತೀರ್ಮಾನವಾಯಿತು.

ಪಾಯಸದ ಗೋಡಂಬಿ ಇನ್ನೂ ಬಾಯಲ್ಲಿತ್ತು, ಫೋನು ಬಡಿದುಕೊಂಡಿತು. ನಮ್ಮ ಆಫೀಸಿನ ಗಾನವಿ. ನಮ್ಮ ಪ್ರಯಾಣದ ಏರ್ಪಾಟೆಲ್ಲ ಅವಳದೇ.

"ಸರ್, ಇವತ್ತು ಸಂಜೆ ಟಿಕೆಟ್ ಬುಕ್ ಮಾಡ್ತೀವಿ. ಆಫೀಸ್ ಮುಚ್ಚೋದ್ರೊಳಗೆ ನಿಮ್ಮಿಬ್ಬರ ಗುರುತಿನ ದಾಖಲೆ ಫೋಟೋ ಕಳಿಸಿ. ಬರದೇ ಹೋದ್ರೆ ಕೃಷ್ಣ ಅವರ ಹೆಸರಲ್ಲಿ ಮಾಡಿ ಅಂದಿದ್ದಾರೆ ಮ್ಯಾನೇಜರ್ರು. ಪಾಸ್‌ಪೋರ್ಟ್ ಇದ್ರೆ..."

"ಪಾಸ್‌ಪೋರ್ಟಾ! ಇದೆ! ಇಬ್ಬರದ್ದೂ ಇದೆ! ಈಗಲೇ ಕಳಿಸ್ತೀನಿ!" ಎಂದು ಫೋನು ಇಟ್ಟೆ. ಹೆಮ್ಮೆಯಿಂದ ಬೀರು ತೆಗೆದೆ. ರೇಷ್ಮೆ ಸೀರೆ ಇತ್ತು, ನುಸಿಗುಳಿಗೆ ಇತ್ತು.

ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಂಡಿತು.

ದೊಡ್ಡವ್ವನಿಗೆ ಫೋನು ಹಚ್ಚಿದೆ. ಬ್ಯಾಗು ತೆಗೆದು ಎರಡು ಫೋಟೋ ಹೊಡೆಸಿ ಕಳಿಸು ಎಂದೆ. ಆ ಕಡೆಯಿಂದ ಬಂದ ಕೂಗಿಗೆ ಫೋನು ಕಿವಿಯಿಂದ ಒಂದು ಮಾರು ದೂರ ಹೋಯಿತು. "ಪರಸ್ತಾನ ಬಿಚ್ಚಾದಾ?! ನಿಂಗೇನ್ ಬಂದಿರಾದು!" ಫೋನು ಕಟ್ಟಾಯಿತು.

ನಾನು ಪ್ಯಾಂಟು ಹಾಕಿಕೊಂಡು ಓಡಿದೆ. ಬಸ್ಸು ಚಿಕ್ಕಯ್ಯನಛತ್ರದಾಚೆ ಟೀ ನರಸೀಪುರದ ದಾರಿ ಹಿಡಿದಾಗ ರೋಜಾಳ ಫೋನು ಬಂತು. "ರೀ, ಗಾನವಿ ನನಗೆ..." "ಆಮೇಲೆ ಮಾತಾಡು! ನಾನು ಮುಖ್ಯವಾದ ಕೆಲಸದಲ್ಲಿದ್ದೀನಿ!" ಎಂದು ಕತ್ತರಿಸಿದೆ. ಇನ್ನೊಮ್ಮೆ ಬಂತು. ತೆಗೆಯಲೇ ಇಲ್ಲ. ಮನೆ ಮುಳುಗುತ್ತಿರುವಾಗ ಹೆಂಗಸರಿಗೆ ಹರಟೆ!

ದೊಡ್ಡವ್ವ ಜಗಲಿಯ ಮೇಲೆ ನಗುತ್ತ ಕೂತಿತ್ತು. "ಬಾ ಮಗಾ. ಸಿಹಿ ಸುದ್ದಿ ಕೇಳ್ದಾ? ನಮ್ ಕೋಮಲಂಗೆ ಎಣ್ಮಗು. ಬೆಳಗಿನ ಜಾವ ಆಸ್ಪತ್ರೇಲಿ ಆಯ್ತು." ಕೋಮಲ ದೊಡ್ಡವ್ವನ ಮೊಮ್ಮಗಳು.

"ಸಂತೋಷ ದೊಡ್ಡವ್ವ. ಬ್ಯಾಗೆಲ್ಲಿ?"

"ಅದೇ ಏಳ್ತಾವ್ನಿ. ಮಗು ಉಟ್ಟಿ ಮನೇಗೆ ಪುರ್ಡು ಬಂತಲ್ಲ, ಮೈಲಿಗೆ ಮನೇಲಿ ಪರಸ್ತಾನ ಇರಂಗಿಲ್ಲ. ನಿಮ್ಮನೇಗೆ ಇಂದಕ್ಕೆ ಕಳ್ಸಂಗೂ ಇಲ್ಲ. ಮುಂದಕ್ಕೇ ಕಳಿಸ್ಬೇಕಲ್ಲ? ಅಷ್ಟೊತ್ಗೆ ದೇವ್ರು ಬಂದಂಗೆ ಪಕ್ಕದ್ಮನೆ ಮಾದು ಬಂದ. ಲಾರಿ ಒಡಸ್ತಾನಲ್ಲ ಅವ್ನು. ಬಾಗ್ಲಲ್ಲೇ ನಿಂತ್ಕೊಂಡು ಕೋಲಲ್ಲಿ ಬ್ಯಾಗ್ ಈಚೆಗೆ ಎಳ್ಕಂಡು, ಮೇಲೆ ನೀರು ಚಿಮುಕ್ಸಿ ಎತ್ಕಂಡೋದ."

"ಎಲ್ಲಿಗೆ?"

"ಎಳನೀರು ಲೋಡು ತಗೊಂಡು ಓಗ್ತಾವ್ನಂತೆ. ಅದೇನೋ ಗೋರಕ್‌ಪುರ್ವಂತೆ. ನೀನೂ ಅಲ್ಲಿಗೇ ಓಗ್ತೀನಿ ಅಂತಿದ್ದೆ ಅಂತ ನಿಮ್ಮವ್ವ ಏಳಿತ್ತಲ್ಲ! ನೋಡು, ಎಂಗ್ ಕೂಡ್ಬಂತು!"

ನನ್ನ ಪಾಸ್‌ಪೋರ್ಟು ಎಳನೀರಿನ ಮೇಲೆ ಕೂತು ಉತ್ತರ ಪ್ರದೇಶಕ್ಕೆ ಹೊರಟುಹೋಗಿತ್ತು!

ಮಾದುವಿಗೆ ಫೋನು ಮಾಡಿದೆ. ಅವನು ಬೆಂಗಳೂರು ದಾಟಿ ಚಿಕ್ಕಬಳ್ಳಾಪುರದ ಹತ್ತಿರ ಊಟಕ್ಕೆ ನಿಲ್ಲಿಸಿದ್ದ.

"ಮಾದು, ಪುಣ್ಯ ಬರುತ್ತೆ, ಬ್ಯಾಗ್ ತೆಗೆದು ಪಾಸ್‌ಪೋರ್ಟ್ ಫೋಟೋ ಹೊಡೆದು ಕಳಿಸೋ."

"ಆಗಲ್ಲ ಕಣಣ್ಣ. ಜಿಪ್ ಮುಟ್ಟಿದ್ರೆ ಟಯರ್ ಪಂಚರ್ ಆಯ್ತದೆ ಅಂತ ಅಜ್ಜಿ ಏಳ್ತು. ನಂದೊಂದೇ ಸ್ಟೆಪ್ನಿ ಇರೋದು."

"ಟಯರಿಗೂ ಜಿಪ್ಪಿಗೂ ಏನೋ ಸಂಬಂಧ?"

"ನಂಗೊತ್ತಿಲ್ಲ. ಅಜ್ಜಿ ಊಂ ಅಂದ್ರೆ ತೆಗೀತೀನಿ."

ದೊಡ್ಡವ್ವನ ಕಡೆ ನೋಡಿದೆ. ದೊಡ್ಡವ್ವ ಆಕಾಶ ನೋಡಿತು. "ಮಡಗ್ಸಿದ್ದು ನಿಮ್ಮವ್ವ. ಅವ್ಳು ಊಂ ಅಂದ್ರೆ ನಾನೂ ಊಂ ಅಂತೀನಿ."

ಸರಿ, ಮತ್ತೆ ನಂಜನಗೂಡಿಗೆ ಬಸ್ಸು! ಕಿಟಕಿಯಲ್ಲಿ ಭತ್ತದ ಗದ್ದೆಗಳು ಓಡುತ್ತಿದ್ದವು. ನನ್ನ ಕಣ್ಣಿಗೆ ಎಲ್ಲ ಕಡೆ ಸ್ವೆಟರ್ ಹಾಕಿಕೊಂಡ ಕೃಷ್ಣನೇ ಕಾಣುತ್ತಿದ್ದ. ಭೈರಹವಾದ ಸ್ಟೋರ್ಸಿನಲ್ಲಿ ಕೃಷ್ಣ! ಕ್ವಾರ್ಟರ್ಸಿನ ವರಾಂಡದಲ್ಲಿ ಕೃಷ್ಣ! ಪಾಸ್‌ಪೋರ್ಟಿನ ಮೇಲೆ ಮೊಹರು ಹಾಕಿಸಿಕೊಂಡು ನನಗೆ ವಾಟ್ಸಪ್‌ನಲ್ಲಿ ಫೋಟೋ ಕಳಿಸುತ್ತಿರುವ ಕೃಷ್ಣ!

ಮನೆ ಸೇರುವಾಗ ಹೊತ್ತು ಇಳಿದಿತ್ತು. ಮುಂಬಾಗಿಲಿಗೆ ಶಿವರಂಜನಿ ಮೇಡಂ ಮಾವಿನೆಲೆ ಕಟ್ಟಿಸಿದ್ದರು. ಅವ್ವ ಹಿತ್ತಲ ಕಡೆ ಒಗೆಯುವ ಕಲ್ಲಿನ ಮೇಲೆ ಒಂಟಿಯಾಗಿ ಕೂತಿತ್ತು. ನಾನು ದಾರಿಯುದ್ದಕ್ಕೂ ಮಸೆದುಕೊಂಡು ಬಂದಿದ್ದ ಮಾತುಗಳನ್ನೆಲ್ಲ ಒಂದೇ ಉಸಿರಿಗೆ ಎಸೆದೆ. "ಊಂ ಅನ್ನವ್ವ! ಒಂದು ಊಂ! ನಿನ್ನ ಶಾಸ್ತ್ರಕ್ಕೆ ನನ್ನ ಕೆಲಸ ಹೋಗ್ತಾ ಇದೆ. ಇವತ್ತು ಫೋಟೋ ಹೋಗದಿದ್ರೆ ನಾನು ಹೊರಡೋದೇ ಇಲ್ಲ!"

ಅವ್ವ ಸೆರಗಿನ ತುದಿ ಸುತ್ತುತ್ತ ಕೂತಿತ್ತು. "ಒರಡಾಕೆ ಯಾವ್ ದಿನ ಆದ್ರೇನ್ಲಾ ಮಗಾ. ಅಮಾಸೆ ಆದ್ರೂ ಇಮಾನ ಆರ್ತದೆ, ಅದು ನಂಗೊತ್ತಿಲ್ವಾ? ನೀನು ಓಗೋಕಲ್ಲ ನಾನು ಮಡಗ್ಸಿದ್ದು. ವಾಪಸ್ ಬರ್ಬೇಕಲ್ಲ, ಅದ್ಕೆ. ಎಲ್ಡು ವರ್ಸ ನಿನ್ ಮೊಕ ನೋಡ್ದಂಗೆ ಇರ್ಬೇಕು. ನಂಗೂ ಒಸಿ ಧೈರ್ಯ ಬೇಕಲ್ವಾ." ಆಮೇಲೆ ಮೂಗು ಒರೆಸಿಕೊಂಡಿತು. "ಓಗ್ಲಿ ಬುಡು. ಊಂ. ಬಿಚ್ಸು."

ನನಗೆ ಬಹಳ ಸಂಕಟವಾಯಿತು. ಇಷ್ಟು ಹೊತ್ತು ನಾನು ಕೃಷ್ಣನ ಸ್ವೆಟರಿನ ಬಗ್ಗೆ ಯೋಚಿಸಿದ್ದೆನೇ ಹೊರತು ಅವ್ವನ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ. ಕೇಳಿದ್ದ 'ಊಂ' ಕೈಗೆ ಸಿಕ್ಕಿತ್ತು, ಆದರೆ ಅದನ್ನು ಬಳಸಲು ಮನಸ್ಸು ಬರಲಿಲ್ಲ. ಮಾದುವಿಗೆ ಫೋನು ಮಾಡಿದೆ. "ಜಿಪ್ ಮುಟ್ಟಬೇಡ ಕಣೋ. ಹುಷಾರಾಗಿ ಓಡಿಸು," ಎಂದೆ.

ಆಮೇಲೆ, ನೇಣಿಗೆ ಹೊರಟವನ ಮುಖ ಮಾಡಿಕೊಂಡು ಗಾನವಿಗೆ ಫೋನು ಮಾಡಿದೆ.

"ಮೇಡಂ, ಕ್ಷಮಿಸಿ. ಪಾಸ್‌ಪೋರ್ಟ್ ಕಳಿಸೋಕೆ ಆಗಲ್ಲ. ಕೃಷ್ಣನ ಹೆಸರಲ್ಲೇ ಟಿಕೆಟ್ ಮಾಡಿ. ಅವನತ್ರ ಸ್ವೆಟರ್ ಇದೆ."

"ಯಾವ ಪಾಸ್‌ಪೋರ್ಟ್ ಸರ್? ನಿಮ್ಮ ಟಿಕೆಟ್ ಮಧ್ಯಾಹ್ನಾನೇ ಆಯ್ತಲ್ಲ!"

"ಹೇಗಾಯ್ತು?"

"ಬೆಳಿಗ್ಗೆ ನೀವು ಪೂರ್ತಿ ಕೇಳಿಸಿಕೊಳ್ಳದೆ ಫೋನ್ ಇಟ್ರಿ. 'ಪಾಸ್‌ಪೋರ್ಟ್ ಇದ್ರೆ ಅದು, ಇಲ್ದಿದ್ರೆ ವೋಟರ್ ಕಾರ್ಡೇ ಸಾಕು' ಅಂತ ಹೇಳೋದ್ರಲ್ಲಿದ್ದೆ. ನೇಪಾಳಕ್ಕೆ ನಮ್ಮವರಿಗೆ ಅಷ್ಟೇ ಸಾಕು ಸರ್. ತಿರುಗಿ ಮಾಡಿದ್ರೆ ನಿಮ್ಮ ಫೋನ್ ಬಿಜಿ ಬಂತು, ಅದಕ್ಕೇ ನಿಮ್ಮ ಮೇಡಂಗೆ ಮಾಡ್ದೆ. ಅವರು ಕೂತಲ್ಲೇ ಇಬ್ಬರ ವೋಟರ್ ಕಾರ್ಡೂ ಕಳಿಸಿದ್ರು."

ನಾನು ನಿಧಾನವಾಗಿ ಹಿಂದಿನ ಕೋಣೆಯ ಕಡೆ ತಿರುಗಿದೆ. ರೋಜಾ ಶಿವರಂಜನಿ ಮೇಡಂ ಕೊಟ್ಟ ಕೋಡುಬಳೆ ತಿನ್ನುತ್ತ ಬಾಗಿಲಿಗೆ ಒರಗಿ ನಿಂತಿದ್ದಳು.

"ನನಗೆ ಯಾಕೆ ಹೇಳ್ಲಿಲ್ಲ?" ಎಂದು ಗುಡುಗಿದೆ. ಗುಡುಗು ಅರ್ಧದಲ್ಲೇ ಬಿಕ್ಕಳಿಕೆಯಾಯಿತು.

"ಎರಡು ಸಲ ಫೋನ್ ಮಾಡ್ದೆ. ನೀವು ಮುಖ್ಯವಾದ ಕೆಲಸದಲ್ಲಿದ್ರಲ್ಲ," ಎಂದು ಇನ್ನೊಂದು ಕೋಡುಬಳೆ ಮುರಿದಳು.

ಮಂಗಳವಾರ ಅಮಾವಾಸ್ಯೆಯ ದಿನ ನಾವು ಹೊರಟೆವು. ಅವ್ವ ಅಳಲಿಲ್ಲ. "ಇವ್ರು ಒರಟಾಗ್ಲೇ ಸುಮಾರು ದಿನ ಆಯ್ತಲ್ಲ, ಈಗೇನ್ ಅಳೋದು?" ಎಂದು ಶಿವರಂಜನಿ ಮೇಡಂಗೆ ವಿವರಿಸುತ್ತಿತ್ತು. ಅಪ್ಪ ಲುಂಬಿನಿಯಿಂದ ಒಂದು ಹಿಡಿ ಮಣ್ಣು ತರಲು ಹೇಳಿ, ಮರೆಯಬಾರದೆಂದು ನನ್ನ ಅಂಗಿ ಜೇಬಿನ ಮೇಲೆ ತಾವೇ ಒಂದು ಹಸಿರು ಚೀಟಿ ಅಂಟಿಸಿದರು.

ಗೋರಖ್‌ಪುರದಲ್ಲಿ ಇಳಿದಾಗ ಮೇ ತಿಂಗಳ ಬಿಸಿಲು ಬಾಣಲೆಯ ಎಣ್ಣೆಯ ಹಾಗೆ ಮೈಮೇಲೆ ಬಿತ್ತು. ಹಿಮಾಲಯದ ಸುಳಿವೇ ಇಲ್ಲ! ಅಲ್ಲಿಂದ ಭೈರಹವಾದವರೆಗೂ ಇದೇ ಕಾವಲಿ ಎಂದ ಜೀಪಿನವನು. ಮರುದಿನ ಬೆಳಿಗ್ಗೆ ಮಾದು ಹೇಳಿದ್ದ ಹಣ್ಣಿನ ಮಂಡಿಗೆ ಹೋದರೆ, ಹಿಂದಿಯ ಗದ್ದಲದ ನಡುವೆ ಟೀ ನರಸೀಪುರದ ಕೂಗು ಕೇಳಿಸಿತು.

"ಅಣ್ಣಾ! ಇತ್ತಗೆ! ಬಂದ್ರಾ?"

ಲಾರಿಯ ಮೇಲೆ ಮಾದು. ಅವನ ಪಕ್ಕದಲ್ಲಿ ನಮ್ಮ ನೀಲಿ ಬ್ಯಾಗು, ಅದಕ್ಕೆ ಕುಂಕುಮ, ಒಂದು ಬಾಡಿದ ಸೇವಂತಿಗೆ. "ಜಿಪ್ ಮುಟ್ಟಿಲ್ಲ ನೋಡ್ಕೊಳಣ್ಣ. ದಾರೀಲಿ ಒಂದ್ ಪಂಚರೂ ಆಗ್ಲಿಲ್ಲ!" ಎರಡು ಎಳನೀರು ಕೊಚ್ಚಿಕೊಟ್ಟ. ನಾನು ಬ್ಯಾಗು ತೆಗೆದೆ. ಆ ಧಗೆಯಲ್ಲಿ ಎರಡು ಸ್ವೆಟರು, ಎರಡು ಮಂಕಿ ಕ್ಯಾಪು ಹೊರಬಿದ್ದವು. ಸುತ್ತ ನಿಂತ ಹಮಾಲರು ಅವುಗಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವುಗಳನ್ನು ನೋಡಿದರು.

ಆದರೂ ಕೆಳಗೆ ನನ್ನ ಪಾಸ್‌ಪೋರ್ಟು ಇತ್ತು! ಗಡಿಯ ಹೆಬ್ಬಾಗಿಲಿನಲ್ಲಿ ರೋಜಾ ವೋಟರ್ ಕಾರ್ಡು ತೋರಿಸಿ ಸಲೀಸಾಗಿ ದಾಟಿ ನಿಂತಳು. ನಾನು ಎದೆ ಸೆಟೆಸಿ, ಪಾಸ್‌ಪೋರ್ಟಿನ ಮೊದಲ ಖಾಲಿ ಪುಟ ತೆರೆದು, ಪಹರೆಯವನ ಮೂಗಿನ ಕೆಳಗೆ ಹಿಡಿದೆ. ಅವನು ಅದನ್ನು ಮುಚ್ಚಿ ನನ್ನ ಕೈಗೇ ಕೊಟ್ಟ. "ಚಲೋ, ಚಲೋ."

"ಮೊಹರು? ಠಪ್ಪಾ? ಛೋಟಾ ಠಪ್ಪಾ?" ಎಂದು ಅಂಗಲಾಚಿದೆ.

"ಚಲೋ!"

ನನ್ನ ಹಿಂದೆ ಒಬ್ಬ ಮುದುಕಿ ಮೇಕೆಯೊಂದನ್ನು ಎಳೆದುಕೊಂಡು ಬರುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಮೇಕೆಯೂ ನನ್ನನ್ನು ತಳ್ಳಿಕೊಂಡು ಫಾರಿನ್‌ಗೆ ಹೋಯಿತು!

ಕ್ವಾರ್ಟರ್ಸ್ ಸೇರಿದ ಕೂಡಲೇ ಅವ್ವನ ಫೋನು. "ಸೇರ್ಕಂಡ್ಯಾ? ನೋಡ್ದಾ, ಗಂಟು ಮೊದ್ಲೇ ಓಗಿದ್ಕೇ ಎಲ್ಲ ಸುಸೂತ್ರ ಆಯ್ತು. ವಾಪಸ್ ಬರೋವಾಗ್ಲೂ ಒಂದ್ ಒಳ್ಳೆ ದಿನ ನೋಡಿ ಪರಸ್ತಾನ ಮಡಗ್ಬುಟ್ಟೇ ಒರಡ್ಬೇಕು ಕಣ್ಲಾ. ಭಾಳ ಬೇಕಾದ ವಸ್ತುನೇ ಮುಂದಾಗಿ ಕಳಿಸ್ಬೇಕು, ಮರೀಬ್ಯಾಡ."

ಅಷ್ಟರಲ್ಲಿ ರೋಜಾ ಫೋನು ಕಸಿದುಕೊಂಡಳು.

"ಆಗ್ಲಿ ಅತ್ತೆ. ಆದ್ರೆ ಆ ಸಲ ಬ್ಯಾಗು ಬೇಡ. ನಿಮ್ಮ ಮಗನ್ನೇ ಮಾದು ಲಾರಿಗೆ ಹತ್ತಿಸಿ ಮುಂದಾಗಿ ಕಳಿಸ್ತೀನಿ. ದಾರೀಲಿ ಯಾರಿಗೂ ತೊಂದ್ರೆ ಆಗದ ಹಾಗೆ ಬಾಯಿಗೆ ಜಿಪ್ ಎಳೆದೇ ಕಳಿಸ್ತೀನಿ!"